ಊರು, ಸ್ಥಳ, ಜಾಹೀರಾತು: ಉಲ್ಹಾಸನಗರ–ಡೊಂಬಿವಲಿ ಪ್ರದೇಶದ ಕನ್ನಡ ಓದುಗನನ್ನು ಕುರಿತು

ಮುಂಬಯಿಯ ಉಪನಗರ ರೈಲಿನಲ್ಲಿ ಇಬ್ಬರು ಕನ್ನಡಿಗರು ಪರಿಚಯವಾದಾಗ ಮೊದಲು ಹೊರಡುವ ಪ್ರಶ್ನೆ ‘ನಿಮ್ಮದು ಯಾವೂರು?’ ಎಂಬುದು. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಬಾಳಿದವರೂ ಈ ಪ್ರಶ್ನೆಗೆ ಡೊಂಬಿವಲಿ ಎಂದು ಉತ್ತರಿಸುವುದು ಅಪರೂಪ. ಕಾಪು, ಕಾರ್ಕಳ, ಕುಮಟೆ, ಇಂಡಿ, ಜಮಖಂಡಿ ಎಂದೇ ಉತ್ತರ ಬರುತ್ತದೆ. ‘ಇಲ್ಲಿ ಎಲ್ಲಿರುವುದು?’ ಎಂಬ ಎರಡನೆಯ ಪ್ರಶ್ನೆ ಕೇಳಿದ ಮೇಲೆ ಡೊಂಬಿವಲಿ ಪೂರ್ವವೋ ಉಲ್ಹಾಸನಗರದ ನಾಲ್ಕನೆಯ ಕ್ಯಾಂಪೋ ಮಾತಿಗೆ ಬರುತ್ತದೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಹೊರನಾಡ ಕನ್ನಡಿಗನ ಬದುಕಿನ ಭೂಗೋಳ. ಒಂದು ಊರು, ಇನ್ನೊಂದು ಸ್ಥಳ. ಇವೆರಡನ್ನೂ ಒಟ್ಟಿಗೆ ಹೇಳದೆ ಆತನ ಪರಿಚಯ ಪೂರ್ಣವಾಗುವುದಿಲ್ಲ.

ಆತನ ಕೈಯಲ್ಲಿರುವ ದೂರವಾಣಿಯಾದರೋ ಮೊದಲ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದಕ್ಕೆ ಬೇಕಾದುದು ಎರಡನೆಯ ಪ್ರಶ್ನೆಯ ಉತ್ತರ ಮಾತ್ರ, ಅದನ್ನೂ ಅದು ಬಾಯಿಬಿಟ್ಟು ಕೇಳದೆ ತಾನೇ ಕಂಡುಕೊಳ್ಳುತ್ತದೆ. ಹೀಗೆ ಕಂಡುಕೊಂಡ ಸ್ಥಳದ ಆಧಾರದ ಮೇಲೆ ಯಾವ ಸುದ್ದಿ, ಯಾವ ಅಂಗಡಿ, ಯಾವ ಜಾಹೀರಾತು ಕಣ್ಣಿಗೆ ಬೀಳಬೇಕೆಂಬುದು ನಿರ್ಧಾರವಾಗುತ್ತದೆ. ಈ ಪದ್ಧತಿಯನ್ನು ಇಲ್ಲಿ ಸ್ಥಳಾನುಸಾರಿ ಶೋಧ, ಸ್ಥಳಾನುಸಾರಿ ಜಾಹೀರಾತು ಎಂದು ಕರೆಯಲಾಗಿದೆ. ವಾಣಿಜ್ಯಶಾಸ್ತ್ರದವರು ಇದನ್ನು ದಕ್ಷತೆಯ ದೃಷ್ಟಿಯಿಂದ ನೋಡುತ್ತಾರೆ, ನ್ಯಾಯಶಾಸ್ತ್ರದವರು ಖಾಸಗಿತನದ ದೃಷ್ಟಿಯಿಂದ. ಭಾಷೆಯ ದೃಷ್ಟಿಯಿಂದ, ಅದರಲ್ಲೂ ತನ್ನ ರಾಜ್ಯದ ಹೊರಗೆ ಬಾಳುತ್ತಿರುವ ಭಾಷೆಯೊಂದರ ದೃಷ್ಟಿಯಿಂದ ಇದನ್ನು ನೋಡುವ ಕೆಲಸ ನಮ್ಮಲ್ಲಿ ಇನ್ನೂ ಸಾಕಷ್ಟು ಆಗಿಲ್ಲ. ಠಾಣೆ ಜಿಲ್ಲೆಯ ಕನ್ನಡ ಓದುಗನನ್ನು ಮುಂಬಯಿಯ ಕನ್ನಡ ಪತ್ರಿಕೆಗಳು ಹೇಗೆ ಕಂಡವು, ಈ ಹೊಸ ಪದ್ಧತಿ ಹೇಗೆ ಕಾಣುತ್ತದೆ ಎಂಬುದರ ತೌಲನಿಕ ವಿವೇಚನೆ ಪ್ರಸ್ತುತ ಲೇಖನದ ಉದ್ದೇಶ.

ಸ್ಥಳವೆಂಬುದು ತಾನಾಗಿ ಇರುವ ವಸ್ತುವಲ್ಲ, ಯಾರೋ ಗುರುತು ಹಾಕಿ ಕೊಟ್ಟದ್ದು. ಇದಕ್ಕೆ ಉಲ್ಹಾಸನಗರಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಭಾಗದಲ್ಲಿ ಸಿಗಲಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸೈನಿಕರಿಗಾಗಿ ಕಟ್ಟಿದ ಶಿಬಿರ ಇದು. ಆಗ ಇದರ ಹೆಸರು ಕಲ್ಯಾಣ ಕ್ಯಾಂಪ್. ದೇಶವಿಭಜನೆಯ ನಂತರ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರನ್ನು ಇಲ್ಲಿಯ ಬ್ಯಾರಕ್ಕುಗಳಲ್ಲಿ ಇರಿಸಲಾಯಿತು. 1949ರ ಆಗಸ್ಟ್ 8ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇದಕ್ಕೆ ಉಲ್ಹಾಸನಗರವೆಂದು ನಾಮಕರಣ ಮಾಡಿದರು. ಸೈನ್ಯ ಹೋದರೂ ಸೈನ್ಯದ ಲೆಕ್ಕ ಹೋಗಲಿಲ್ಲ. ಕ್ಯಾಂಪ್ ಒಂದರಿಂದ ಐದರವರೆಗಿನ ವಿಂಗಡಣೆ, ಸೆಕ್ಷನ್ನುಗಳು, ಬ್ಯಾರಕ್ ಸಂಖ್ಯೆಗಳು ಇಂದಿಗೂ ವಿಳಾಸಗಳಲ್ಲಿ ಬಳಕೆಯಲ್ಲಿವೆ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್‌ಕೋಡ್ ಪದ್ಧತಿಯನ್ನು ಜಾರಿಗೆ ತಂದಿತು. ಇಲ್ಲಿಯ ಸಂಖ್ಯೆಗಳು 421001ರಿಂದ 421005ರವರೆಗೆ ಐದು ಕ್ಯಾಂಪುಗಳ ಕ್ರಮವನ್ನೇ ಹಿಡಿದು ಹೋಗುತ್ತವೆ. ಬ್ಯಾರಕ್ಕಿನ ಸಂಖ್ಯೆ ಅಂಚೆಯ ಸಂಖ್ಯೆಯಾಯಿತು, ಅಂಚೆಯ ಸಂಖ್ಯೆಯನ್ನು ಇಂದು ಜಾಹೀರಾತುದಾರನು ಗುರಿಯಾಗಿ ಆರಿಸಿಕೊಳ್ಳಬಹುದು. ಯುದ್ಧಕಾಲದ ಶಿಬಿರದ ನಕ್ಷೆ ಮಾರುಕಟ್ಟೆಯ ನಕ್ಷೆಯಾಗಲು ಎಂಬತ್ತು ವರ್ಷಗಳೂ ಬೇಕಾಗಲಿಲ್ಲ. 2025ರಲ್ಲಿ ಅಂಚೆ ಇಲಾಖೆ ಪ್ರಕಟಿಸಿದ ಡಿಜಿಪಿನ್ ವ್ಯವಸ್ಥೆಯಂತೂ ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ಹತ್ತು ಅಕ್ಷರ–ಅಂಕಿಗಳ ಗುರುತು ಕೊಟ್ಟಿದೆ. ಅಲ್ಲಿ ಕ್ಯಾಂಪೂ ಇಲ್ಲ, ಊರಿನ ಹೆಸರೂ ಇಲ್ಲ.

ಆದರೆ ಎಲ್ಲ ಗುರುತುಗಳೂ ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ಆಡಳಿತದ ಲೆಕ್ಕದಲ್ಲಿ ಉಲ್ಹಾಸನಗರ, ಡೊಂಬಿವಲಿ, ಕಲ್ಯಾಣಗಳು ಠಾಣೆ ಜಿಲ್ಲೆಗೆ ಸೇರಿವೆ. ದೂರವಾಣಿಯ ಹಳೆಯ ಲೆಕ್ಕದಲ್ಲಿ ಠಾಣೆ ಪಟ್ಟಣ ಮತ್ತು ನವಿ ಮುಂಬಯಿಗಳು ಮುಂಬಯಿಯ 022ರ ಒಳಗಿದ್ದರೆ ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರಗಳಿಗೆ 0251 ಎಂಬ ಬೇರೆ ಸಂಖ್ಯೆ. ಮೊಬೈಲ್ ಸೇವೆಯ ಪರವಾನಗಿಯ ಲೆಕ್ಕದಲ್ಲಾದರೆ ಇವೆಲ್ಲವೂ ಮತ್ತೆ ಮುಂಬಯಿ ವೃತ್ತಕ್ಕೇ ಸೇರುತ್ತವೆ. ಹೀಗಾಗಿ ಐಪಿ ವಿಳಾಸವೊಂದನ್ನೇ ನೋಡಿ ಸ್ಥಳ ಊಹಿಸುವ ಯಂತ್ರಕ್ಕೆ ವಿಠಲವಾಡಿಯಲ್ಲಿ ಕುಳಿತವನು ಮುಂಬಯಿಯವನಾಗಿ ಕಾಣಬಹುದು. ಜಿಪಿಎಸ್, ಸುತ್ತಲಿನ ವೈಫೈ ಸಂಕೇತ, ದೂರವಾಣಿ ಗೋಪುರಗಳನ್ನು ನೋಡುವ ಯಂತ್ರಕ್ಕೆ ಅವನು ಇಂಥದೇ ಬೀದಿಯವನಾಗಿ ಕಾಣುತ್ತಾನೆ. ಒಬ್ಬನೇ ಮನುಷ್ಯ ಒಂದೇ ಗಳಿಗೆಯಲ್ಲಿ ಎರಡು ಅಳತೆಯ ಸ್ಥಳಗಳಲ್ಲಿ ಇರುತ್ತಾನೆ. ಈ ಎರಡರಲ್ಲಿ ಯಾವುದೂ ಅವನ ಊರಲ್ಲ.

ಶೋಧಯಂತ್ರದ ಕ್ರಮವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಸ್ಥಳೀಯ ಫಲಿತಾಂಶಗಳನ್ನು ಜೋಡಿಸಲು ಗೂಗಲ್ ಸಂಸ್ಥೆ ತಾನೇ ಹೇಳಿಕೊಂಡಿರುವ ಮಾನದಂಡಗಳು ಮೂರು: ಕೇಳಿದ ಪದಕ್ಕೆ ಹೊಂದಿಕೆ, ಕೇಳಿದವನಿಂದ ಇರುವ ದೂರ, ಮತ್ತು ಪ್ರಸಿದ್ಧಿ. 2017ರ ಅಕ್ಟೋಬರಿನಿಂದ ಆ ಸಂಸ್ಥೆ ಬಳಕೆದಾರನು ಯಾವ ದೇಶದ ವಿಳಾಸವನ್ನು ಟೈಪ್ ಮಾಡಿದ್ದಾನೆಂಬುದನ್ನು ಬಿಟ್ಟು, ಅವನು ವಾಸ್ತವವಾಗಿ ಎಲ್ಲಿದ್ದಾನೆಂಬುದನ್ನೇ ಆಧಾರವಾಗಿ ಇಟ್ಟುಕೊಂಡಿತು. ಅಂದರೆ ಹುಡುಕುವವನು ತನ್ನ ಇಚ್ಛೆಯಿಂದ ಬೇರೊಂದು ನೆಲೆಯಲ್ಲಿ ನಿಂತು ನೋಡುವ ಒಂದು ಸುಲಭ ದಾರಿ ಅಂದಿಗೆ ಮುಚ್ಚಿತು. ಜಾಹೀರಾತಿನಲ್ಲಿ ಸ್ಥಳ ಮತ್ತು ಭಾಷೆ ಎರಡು ಬೇರೆ ಬೇರೆ ಆಯ್ಕೆಗಳೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಠಾಣೆ ಜಿಲ್ಲೆಯಲ್ಲಿರುವ ಕನ್ನಡ ಬಳಕೆದಾರರಿಗೆ ಮಾತ್ರ ತೋರಿಸು ಎಂದು ಜಾಹೀರಾತುದಾರ ಹೇಳಬಯಸಿದರೆ ಹೇಳಬಹುದು. ತೊಡಕು ಬೇರೆ ಕಡೆ ಇದೆ. ಬಳಕೆದಾರನ ಭಾಷೆಯನ್ನು ಯಂತ್ರ ತಿಳಿಯುವುದು ಅವನ ದೂರವಾಣಿಯ ಭಾಷಾ ಆಯ್ಕೆಯಿಂದ, ಅವನು ಹುಡುಕುವ ಪದಗಳಿಂದ, ಓದುವ ಪುಟಗಳಿಂದ. ಇಲ್ಲಿಯ ಕನ್ನಡಿಗನ ದೂರವಾಣಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ, ಅಂಗಡಿಯಲ್ಲಿ ಮರಾಠಿ ಅಥವಾ ಹಿಂದಿ. ಕನ್ನಡ ಅಕ್ಷರ ಬರದ ಎರಡನೆಯ ತಲೆಮಾರು ಕನ್ನಡವನ್ನೂ ರೋಮನ್ ಲಿಪಿಯಲ್ಲೇ ಬರೆಯುತ್ತದೆ. ಯಂತ್ರದ ಮುಂದೆ ಅವನು ತನ್ನ ಕನ್ನಡವನ್ನು ಘೋಷಿಸಿಕೊಳ್ಳುವ ಸಂದರ್ಭಗಳೇ ಕಡಿಮೆ. ಭಾಷೆಯ ಗುರುತು ಮಸುಕಾದಲ್ಲಿ ಸ್ಥಳದ ಗುರುತಿಗೆ ಬಲ ಬರುತ್ತದೆ. ಸ್ಥಳವಾದರೋ ಅವನನ್ನು ಮರಾಠಿ, ಹಿಂದಿ, ಇಂಗ್ಲಿಷುಗಳ ಬಳಕೆದಾರನೆಂದೇ ಹೇಳುತ್ತದೆ.

ಈ ತೊಡಕು ಅತ್ಯಂತ ಸ್ವಾರಸ್ಯಕರವಾಗಿ ಕಾಣುವುದು ಸ್ಥಳನಾಮಗಳಲ್ಲಿ. ನಮ್ಮ ಸ್ಥಳನಾಮ ಅಧ್ಯಯನದ ಪರಂಪರೆ ಶಾಸನಗಳಿಂದ ಹಿಡಿದು ಹೊಲದ ಹೆಸರುಗಳವರೆಗೆ ಹರಡಿದೆ. ಶೋಧಯಂತ್ರದಲ್ಲಿ ಸ್ಥಳನಾಮದ ಗತಿಯೇನು ಎಂಬ ಪ್ರಶ್ನೆ ಆ ಪರಂಪರೆಗೆ ಹೊಸ ವಿಷಯವಾಗಬಲ್ಲದು. ಕೆಲವು ನಿದರ್ಶನಗಳನ್ನು ನೋಡಬಹುದು.

‘ಠಾಣೆ’ ಎಂಬುದು ಕನ್ನಡ ಪತ್ರಿಕೆಯ ಓದುಗನಿಗೆ ಮೊದಲು ಪೊಲೀಸ್ ಠಾಣೆ. ಕರ್ನಾಟಕದ ದಿನಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಈ ಪದ ಬಾರದ ದಿನವಿಲ್ಲ. ಮುಂಬಯಿ ಕನ್ನಡ ಪತ್ರಿಕೆಗಳ ಓದುಗನಿಗೆ ಅದೇ ಪದ ಒಂದು ಜಿಲ್ಲೆ, ಒಂದು ರೈಲು ನಿಲ್ದಾಣ. ಗೊಂದಲ ತಪ್ಪಿಸಲು ‘ಥಾಣೆ’ ಎಂದು ಬರೆಯುವವರಿದ್ದಾರೆ, ‘ಥಾಣಾ’ ಎನ್ನುವ ಹಿರಿಯರೂ ಇದ್ದಾರೆ. ‘ಕಲ್ಯಾಣ’ದ ವಿಷಯ ಇನ್ನೂ ಜಟಿಲ. ಕನ್ನಡ ಲಿಪಿಯಲ್ಲಿ ಈ ಪದವನ್ನು ಬರೆದ ಕೂಡಲೇ ಬಸವಕಲ್ಯಾಣ ಎದುರು ನಿಲ್ಲುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟ ಮೇಲಂತೂ ಈ ಪದದ ಕನ್ನಡ ಬರವಣಿಗೆಯ ಬಹುಪಾಲು ಆ ಏಳು ಜಿಲ್ಲೆಗಳ ಸುದ್ದಿಗೆ ಮೀಸಲಾಗಿದೆ. ಇದರ ಜೊತೆಗೆ ಕಲ್ಯಾಣವೆಂದರೆ ಮದುವೆ, ಕಲ್ಯಾಣವೆಂದರೆ ಇಲಾಖೆಗಳ ಯೋಜನೆ, ಕಲ್ಯಾಣ್ ಎಂದರೆ ಒಡವೆ ಅಂಗಡಿ. ಕಾನ್ಹೇರಿಯ ಪ್ರಾಚೀನ ಶಾಸನಗಳಲ್ಲೇ ಉಲ್ಲೇಖಗೊಂಡಿರುವ, ಉಲ್ಹಾಸ ನದೀಮುಖದ ಹಳೆಯ ವ್ಯಾಪಾರಪಟ್ಟಣವಾದ ಕಲ್ಯಾಣವು ಕನ್ನಡ ಲಿಪಿಯಲ್ಲಿ ಹುಡುಕಿದಾಗ ಈ ಎಲ್ಲ ಕಲ್ಯಾಣಗಳ ಹಿಂದೆ ಸರತಿಯಲ್ಲಿ ನಿಲ್ಲಬೇಕಾಗುತ್ತದೆ. ಅದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಸ್ಥಳದ ಬಲ ಕೂಡಿ ಕಲ್ಯಾಣ ಜಂಕ್ಷನ್ ಸಿಗುತ್ತದೆ, ಆದರೆ ಕನ್ನಡ ಕೈಬಿಟ್ಟಿರುತ್ತದೆ. ಕನ್ನಡವನ್ನು ಹಿಡಿದರೆ ಸ್ಥಳ ತಪ್ಪುತ್ತದೆ, ಸ್ಥಳವನ್ನು ಹಿಡಿದರೆ ಕನ್ನಡ ತಪ್ಪುತ್ತದೆ. ಪ್ರಸ್ತುತ ಚರ್ಚೆಯ ತಿರುಳು ಇದೇ.

‘ಉಡುಪಿ’ಯದು ಇದಕ್ಕೆ ತಿರುಗುಮುರುಗಾದ ಕಥೆ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಶ್ರೀಕೃಷ್ಣ ಬೋರ್ಡಿಂಗಿನ ಕಾಲದಿಂದಲೂ ಮುಂಬಯಿಯಲ್ಲಿ ಉಡುಪಿ ಎಂಬುದು ಊರಿನ ಹೆಸರಿಗಿಂತ ಹೆಚ್ಚಾಗಿ ಒಂದು ಬಗೆಯ ಹೋಟೆಲಿನ ಹೆಸರಾಗಿ ಬಳಕೆಯಾಗಿದೆ. ಅಂಕಿತನಾಮ ರೂಢನಾಮವಾದ ಪ್ರಕ್ರಿಯೆ ಇದು. ಸ್ಥಳಾನುಸಾರಿ ಶೋಧ ಈ ಅರ್ಥಪಲ್ಲಟವನ್ನು ಗಟ್ಟಿಗೊಳಿಸಿದೆ. ಡೊಂಬಿವಲಿಯಲ್ಲಿ ನಿಂತು ಆ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕುವವನಿಗೆ ದೂರದ ಮಾನದಂಡವು ಹತ್ತಿರದ ಇಡ್ಲಿ–ವಡೆಯನ್ನು ತೋರಿಸುವುದೇ ಸಹಜ. ಮಣಿಪಾಲದಲ್ಲಿ ನಿಂತವನಿಗೆ ಅದು ಜಿಲ್ಲಾಕೇಂದ್ರ. ಪದದ ಅರ್ಥವನ್ನು ನಿಶ್ಚಯಿಸುವುದು ಸಂದರ್ಭವೆಂದು ನಮ್ಮ ಅಲಂಕಾರಿಕರು ಹೇಳಿದರು, ಆ ಸಂದರ್ಭಗಳ ಪಟ್ಟಿಯಲ್ಲಿ ದೇಶವನ್ನೂ ಸೇರಿಸಿದರು. ಆದರೆ ಅವರ ದೇಶ ಮಾತಾಡುವವನ ಮನಸ್ಸಿನಲ್ಲಿದ್ದ ದೇಶ. ಅವನು ನಿಂತ ನೆಲದ ಅಕ್ಷಾಂಶ–ರೇಖಾಂಶವಲ್ಲ.

ಕಾಗುಣಿತದ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಡೊಂಬಿವಲಿ, ಡೊಂಬಿವ್ಲಿ, ಡೊಂಬಿವಿಲಿ, ಡೋಂಬಿವಲಿ ಎಂಬ ರೂಪಗಳು ಕನ್ನಡ ಮುದ್ರಣದಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಉಲ್ಹಾಸನಗರವನ್ನು ಕನ್ನಡದ ಕಿವಿ ಉಲ್ಲಾಸನಗರವೆಂದು ತಿದ್ದಿಕೊಳ್ಳುತ್ತದೆ. ಮುಂಬಯಿ, ಮುಂಬೈ, ಬೊಂಬಾಯಿಗಳ ವ್ಯತ್ಯಾಸ ಎಲ್ಲರಿಗೂ ತಿಳಿದದ್ದೇ. ಓದುವವನಿಗೆ ಇವು ತೊಡಕಲ್ಲ, ಎಣಿಸುವ ಯಂತ್ರಕ್ಕೆ ಬೇರೆ ಬೇರೆ ಪದಗಳಾಗುವ ಸಾಧ್ಯತೆ ಇದೆ. ಕರ್ನಾಟಕದ ಊರುಗಳ ಕನ್ನಡ ರೂಪವನ್ನು ಸರ್ಕಾರ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಅಧಿಕೃತಗೊಳಿಸಿತು. ಹೊರನಾಡಿನ ಊರುಗಳ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂಬುದನ್ನು ನಿಶ್ಚಯಿಸಬೇಕಾದವರು ಯಾರು?

ಇನ್ನು ಮುಂಬಯಿಯ ಕನ್ನಡ ಪತ್ರಿಕೆಗಳತ್ತ ತಿರುಗೋಣ. ಅವುಗಳಿಗೂ ಒಂದು ಗುರಿ ಇತ್ತು, ಅವುಗಳಿಗೂ ಜಾಹೀರಾತು ಬೇಕಿತ್ತು. ಮುಂಬಯಿಯಿಂದಲೇ ಹೊರಡುವ ದಿನಪತ್ರಿಕೆ ‘ಕರ್ನಾಟಕ ಮಲ್ಲ’. ಮಣಿಪಾಲದಲ್ಲಿ 1970ರಲ್ಲಿ ಆರಂಭವಾದ ‘ಉದಯವಾಣಿ’ ಮುಂಬಯಿ ಆವೃತ್ತಿಯನ್ನೂ ಹೊರತಂದಿತು. ಇವುಗಳ ಜೊತೆಗೆ ಸಂಘಸಂಸ್ಥೆಗಳ ಮಾಸಿಕಗಳ ದೊಡ್ಡ ಸಾಲೇ ಇದೆ: ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’, ಬಂಟರ ಸಂಘದ ‘ಬಂಟರವಾಣಿ’, ಬಿಲ್ಲವರ ಎಸೋಸಿಯೇಶನ್ನಿನ ‘ಅಕ್ಷಯ’, ಮೈಸೂರು ಅಸೋಸಿಯೇಷನ್ನಿನ ‘ನೇಸರು’. ಈ ಪತ್ರಿಕೆಗಳ ಸಾಹಿತ್ಯಕ ಕೊಡುಗೆಯ ಬಗ್ಗೆ ಬರೆದವರು ಹಲವರು. ಅವುಗಳ ಶ್ರದ್ಧಾಂಜಲಿ, ನಿಧನವಾರ್ತೆ, ಸಭಾಸೂಚನೆ, ವಧೂವರರ ಅಂಕಣಗಳನ್ನು ಗಂಭೀರವಾಗಿ ಓದಿದವರು ಕಡಿಮೆ. ನಮ್ಮ ವಿಷಯಕ್ಕೆ ಬೇಕಾದ ಸಾಮಗ್ರಿ ಇರುವುದು ಅಲ್ಲಿಯೇ.

ನಿಧನವಾರ್ತೆಯ ಗದ್ಯವನ್ನು ಗಮನಿಸಬೇಕು. ಅಲ್ಲಿ ಮೃತರ ಹೆಸರಿನ ಆಸುಪಾಸಿನಲ್ಲಿ ‘ಮೂಲತಃ’ ಎಂಬ ಪದ ಬರುತ್ತದೆ. ಡೊಂಬಿವಲಿಯ ಇಂಥ ರಸ್ತೆಯ ಇಂಥ ಸೊಸೈಟಿಯ ನಿವಾಸಿ, ಮೂಲತಃ ಉಡುಪಿ ಜಿಲ್ಲೆಯ ಇಂಥ ಗ್ರಾಮದ ಇಂಥ ಮನೆಯವರು, ಇಂಥ ಸಂಘದ ಸಕ್ರಿಯ ಸದಸ್ಯರು ಎಂಬ ಕಟ್ಟು ಅದರದು. ಈ ವಾಕ್ಯವನ್ನು ಯಾವ ಲೇಖಕನೂ ರಚಿಸಿಲ್ಲ, ಸಾವಿರಾರು ಸಾವುಗಳ ವರದಿಯಿಂದ ಅದು ತಾನಾಗಿ ರೂಪುಗೊಂಡಿದೆ. ಅದರಲ್ಲಿ ಎರಡು ಸ್ಥಳಗಳಿವೆ, ಎರಡಕ್ಕೂ ಸಮಾನ ತೂಕವಿದೆ. ವಾರ್ತೆ ತಲುಪಬೇಕಾದವರೂ ಎರಡು ಕಡೆ ಇದ್ದಾರೆ: ಸಂಜೆಯೊಳಗೆ ಸ್ಮಶಾನಕ್ಕೆ ಬರಬೇಕಾದ ಠಾಕುರ್ಲಿಯ ನೆರೆಯವರು ಒಂದೆಡೆ, ಸೂತಕ ಹಿಡಿಯಬೇಕಾದ ಊರಿನ ಕುಟುಂಬದವರು ಇನ್ನೊಂದೆಡೆ. ಮುಂಬಯಿಯ ಕನ್ನಡ ಪತ್ರಿಕೆಗಳು ತಮ್ಮ ಓದುಗನನ್ನು ಎರಡೂರಿನವನೆಂದು ಗ್ರಹಿಸಿದ್ದವು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಸಭಾಸೂಚನೆಗಳಲ್ಲೂ ಇದೇ ರೀತಿ. ಯಾವುದೋ ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಮುಂಬಯಿ ಶಾಖೆಯ ಸಭೆ ಡೊಂಬಿವಲಿಯಲ್ಲೋ ನೆರೂಳಿನಲ್ಲೋ ಸೇರುತ್ತದೆ. ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆ ಮಂಜುನಾಥ ವಿದ್ಯಾಲಯವನ್ನು ನಡೆಸಿದ್ದು ಈ ನೆಲದಲ್ಲಿ, ಈ ನೆಲದ ಮಕ್ಕಳಿಗಾಗಿ; ಹೆಸರು ಮಾತ್ರ ನೇತ್ರಾವತಿಯ ದಂಡೆಯ ದೈವವನ್ನು ನೆನಪಿಸುತ್ತದೆ.

ಹಾಗೆಂದು ಹಳೆಯ ಪದ್ಧತಿಯನ್ನು ಹಾಡಿ ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಈ ಮಾಸಿಕಗಳ ಹೆಸರುಗಳನ್ನೇ ಮತ್ತೊಮ್ಮೆ ಓದಿದರೆ ಅವುಗಳ ಗುರಿ ಹೇಗೆ ನಿಗದಿಯಾಗಿತ್ತೆಂಬುದು ತಿಳಿಯುತ್ತದೆ. ಅಕ್ಷಾಂಶ–ರೇಖಾಂಶಗಳ ಜಾಗದಲ್ಲಿ ಅಲ್ಲಿ ಜಾತಿ ಇತ್ತು. ಓದುಗನು ಯಾರೆಂಬುದು ಯಂತ್ರದ ಲೆಕ್ಕಾಚಾರವಿಲ್ಲದೆಯೇ ಸಂಘದ ಸದಸ್ಯತ್ವ ಪುಸ್ತಕದಿಂದ ಗೊತ್ತಾಗುತ್ತಿತ್ತು, ಅಂಚೆ ವಿಳಾಸವೂ ಅಲ್ಲೇ ಇತ್ತು. ಈ ಪುಟಗಳಲ್ಲಿ ಕರಾವಳಿಯ ಎರಡು ಜಿಲ್ಲೆಗಳು ಎದ್ದು ಕಾಣುತ್ತವೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ನವಿ ಮುಂಬಯಿಯ ಕಟ್ಟಡಗಳಿಗೆ ಕಲ್ಲು–ಮಣ್ಣು ಹೊತ್ತ ಕನ್ನಡಿಗರು ಅಲ್ಲಿ ಕಾಣುವುದು ವಿರಳ. ಅವರ ಸಾವಿಗೆ ನಿಧನವಾರ್ತೆಯ ವಾಕ್ಯ ಸಿಕ್ಕಿದ್ದು ಕಡಿಮೆ. ಎರಡೂರಿನ ಓದುಗನೆಂಬ ನಮ್ಮ ಕಲ್ಪನೆಯೇ ಜಾಹೀರಾತು ಕೊಡಬಲ್ಲವನ ಸುತ್ತ ಬೆಳೆದದ್ದು ಎಂಬ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ದೂರವಾಣಿ ಇಂದು ಆ ಕಾರ್ಮಿಕನ ಕೈಯಲ್ಲೂ ಇದೆ. ಜಾತಿಯ ಮಾಸಿಕ ತಲುಪದ ಕಡೆಗೆ ಕಲಬುರಗಿಯ ಕನ್ನಡ ಸುದ್ದಿ ಈಗ ತಲುಪುತ್ತಿದೆ. ಇದು ಸಣ್ಣ ಲಾಭವಲ್ಲ. ಆದರೆ ಅವನು ದುಡಿಯುವ ಘನಸೋಲಿಯ ಸುದ್ದಿ, ಕೂಲಿ ಸಿಗದಿದ್ದರೆ ದೂರು ಕೊಡಬೇಕಾದ ಕಚೇರಿಯ ವಿಷಯ ಅವನಿಗೆ ಕನ್ನಡದಲ್ಲಿ ತಲುಪುವುದಿಲ್ಲ. ಊರಿನ ಸುದ್ದಿ ಕನ್ನಡದಲ್ಲಿ, ಸ್ಥಳದ ಸುದ್ದಿ ಪರಭಾಷೆಯಲ್ಲಿ ಎಂಬ ವಿಭಜನೆ ಇಲ್ಲಿ ಪೂರ್ಣವಾಗುತ್ತದೆ.

ಈ ವಿಭಜನೆಯ ಆರ್ಥಿಕ ಮುಖವನ್ನೂ ನೋಡಬೇಕು. ಸ್ಥಳೀಯ ಪತ್ರಿಕೆ ಬದುಕುವುದು ಸ್ಥಳೀಯ ಜಾಹೀರಾತಿನಿಂದ. ಮರಾಠಿಯ ದೊಡ್ಡ ಪತ್ರಿಕೆಗಳು ಠಾಣೆಗೆಂದೇ ಪ್ರತ್ಯೇಕ ಪುರವಣಿ ತಂದದ್ದು ಮುದ್ರಣಯುಗದ ಸ್ಥಳಾನುಸಾರಿ ಜಾಹೀರಾತೇ ಸರಿ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಜಸ್ಟ್ ಡಯಲ್ ಸಂಸ್ಥೆ ದೂರವಾಣಿಯ ಮೇಲೆ ಹತ್ತಿರದ ಅಂಗಡಿಯ ವಿವರ ಹೇಳತೊಡಗಿದಾಗ ಆ ಕೆಲಸ ಪತ್ರಿಕೆಯ ಕೈಯಿಂದ ಜಾರಲಾರಂಭಿಸಿತ್ತು. ಉಲ್ಹಾಸನಗರದ ಹೋಟೆಲಿನ ಮಾಲೀಕರೊಬ್ಬರನ್ನು ಊಹಿಸಿಕೊಳ್ಳೋಣ. ಅವರು ಮೊದಲು ದೀಪಾವಳಿ ವಿಶೇಷಾಂಕಕ್ಕೆ ಶುಭಾಶಯದ ಜಾಹೀರಾತು ಕೊಡುತ್ತಿದ್ದರು. ಅದರಿಂದ ಗಿರಾಕಿ ಬರುತ್ತಾರೆಂಬ ನಿರೀಕ್ಷೆ ಅವರಿಗೆ ಇರಲಿಲ್ಲ, ಅವರ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಅದು ವ್ಯಾಪಾರಕ್ಕಿಂತ ಸಮುದಾಯದ ಋಣಸಂದಾಯ. ಅವರ ಮಗ ಅದೇ ಹಣದಲ್ಲಿ ಹೋಟೆಲಿನ ಸುತ್ತಲಿನ ಮೂರು ಕಿಲೋಮೀಟರಿಗೆ ಜಾಹೀರಾತು ತೋರಿಸಬಹುದೆಂದು ಲೆಕ್ಕ ಹಾಕುತ್ತಾನೆ. ಅವನ ಲೆಕ್ಕ ತಪ್ಪಲ್ಲ. ತಂದೆಯ ಜಾಹೀರಾತು ಗುರಿ ತಪ್ಪಿದ ಜಾಹೀರಾತಾದ್ದರಿಂದಲೇ ಕನ್ನಡ ವಿಶೇಷಾಂಕವೊಂದು ಹೊರಬರುತ್ತಿತ್ತು. ಗುರಿ ಎಷ್ಟು ನಿಖರವಾಗುತ್ತದೆಯೋ ಈ ಬಗೆಯ ಪೋಲು ಅಷ್ಟು ಕಡಿಮೆಯಾಗುತ್ತದೆ, ಆ ಪೋಲಿನಿಂದ ಬದುಕಿದ್ದ ಅಲ್ಪಸಂಖ್ಯಾತ ಭಾಷೆಯ ಪತ್ರಿಕೆಯೂ ಸೊರಗುತ್ತದೆ.

ಹಾಗಾದರೆ ಯಂತ್ರಕ್ಕೆ ಊರೆಂಬುದು ತಿಳಿದೇ ಇಲ್ಲವೆ? ತಿಳಿದಿದೆ, ಬೇರೊಂದು ಹೆಸರಿನಲ್ಲಿ. ಗೂಗಲ್ ಜಾಹೀರಾತು ವ್ಯವಸ್ಥೆಯಲ್ಲಿ ಸ್ಥಳವನ್ನು ಆರಿಸುವಾಗ, ಅಲ್ಲಿ ಇರುವವರು ಮಾತ್ರವೇ ಅಥವಾ ಅಲ್ಲಿಯ ಬಗ್ಗೆ ಆಸಕ್ತಿ ತೋರಿದವರೂ ಸೇರಬೇಕೇ ಎಂಬ ಆಯ್ಕೆ ಇದೆ. ಕಾರ್ಕಳದ ಬಗ್ಗೆ ಮತ್ತೆ ಮತ್ತೆ ಹುಡುಕುವ ಡೊಂಬಿವಲಿಯ ನಿವಾಸಿ ಈ ಲೆಕ್ಕದಲ್ಲಿ ಕಾರ್ಕಳದ ಬಗ್ಗೆ ಆಸಕ್ತಿಯುಳ್ಳವನು. ಪ್ರವಾಸಕ್ಕೆ ಹೊರಟವನೂ ನಿವೇಶನ ಕೊಳ್ಳಬಯಸುವವನೂ ಹುಟ್ಟಿದೂರಿನ ಜಾತ್ರೆಯ ದಿನ ತಿಳಿಯಬಯಸುವವನೂ ಒಂದೇ ವರ್ಗದಲ್ಲಿ ಬರುತ್ತಾರೆ. ಈ ಆಯ್ಕೆ ಯಾರಿಗೆ ಪ್ರಯೋಜನಕಾರಿ ಎಂಬುದನ್ನು ಯೋಚಿಸಿದರೆ, ಕರಾವಳಿಯ ಬಹುಮಹಡಿ ಕಟ್ಟಡಗಳನ್ನು ಮುಂಬಯಿಯ ಹಣಕ್ಕೆ ಮಾರಬಯಸುವವರು ಮೊದಲು ನೆನಪಾಗುತ್ತಾರೆ. ‘ಮೂಲತಃ’ ಎಂಬ ಪದ ಹೇಳುತ್ತಿದ್ದುದು ಸಂಬಂಧವನ್ನು, ‘ಆಸಕ್ತಿ’ ಎಂಬ ಪದ ಹೇಳುವುದು ಕೊಳ್ಳುವ ಸಾಧ್ಯತೆಯನ್ನು. ಡೊಂಬಿವಲಿಯ ನಿವಾಸಿ ಊರಲ್ಲಿ ಮನೆ ಕೊಳ್ಳುವವನಾಗಿ ಮಾತ್ರ ಕನ್ನಡಿಗನಾಗಿ ಕಾಣಿಸಿಕೊಳ್ಳುತ್ತಾನೆ, ಡೊಂಬಿವಲಿಯಲ್ಲೇ ಕನ್ನಡ ನಾಟಕ ನೋಡಬಯಸುವವನಾಗಿ ಅಲ್ಲ.

ಸ್ಥಳವನ್ನು ಗುರಿಯಾಗಿಸುವುದು ಜನವನ್ನು ಗುರಿಯಾಗಿಸುವುದೇ ಎಂಬ ಅರಿವು ಬೇರೆಡೆ ಮೂಡಿದೆ. ಅಮೆರಿಕದಲ್ಲಿ ವಸತಿ, ಉದ್ಯೋಗ, ಸಾಲಗಳ ಜಾಹೀರಾತಿಗೆ ಅಂಚೆಸಂಖ್ಯೆಯ ಗುರಿಯನ್ನು ಬಳಸದಂತೆ ತಡೆಯಲು ಫೇಸ್‌ಬುಕ್ 2019ರ ಮಾರ್ಚಿನಲ್ಲಿ ಅಲ್ಲಿಯ ನಾಗರಿಕ ಹಕ್ಕು ಸಂಘಟನೆಗಳೊಂದಿಗಿನ ರಾಜಿಯಲ್ಲಿ ಒಪ್ಪಿಕೊಂಡಿತು. ಅಲ್ಲಿ ಅಂಚೆಸಂಖ್ಯೆಯೆಂದರೆ ಬಹುಮಟ್ಟಿಗೆ ಜನಾಂಗ. ಸಿಂಧಿ ನಿರಾಶ್ರಿತರನ್ನು ಇರಿಸಿದ ಐದು ಕ್ಯಾಂಪುಗಳ ಐದು ಸಂಖ್ಯೆಗಳು ಏನನ್ನು ಹೇಳುತ್ತವೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ಷ್ಮ ದತ್ತಾಂಶವೆಂಬ ಪ್ರತ್ಯೇಕ ವರ್ಗವನ್ನೇ ಮಾಡದ ಕಾರಣ ಸ್ಥಳದ ಮಾಹಿತಿಗೆ ಅದರಲ್ಲಿ ವಿಶೇಷ ರಕ್ಷಣೆಯಿಲ್ಲ.

ಸಿಂಧಿಯ ಹೋಲಿಕೆ ಇನ್ನೊಂದು ಕಾರಣಕ್ಕೂ ಉಪಯುಕ್ತ. ಸಿಂಧಿ 1967ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ, ಆದರೆ ಭಾರತದಲ್ಲಿ ತನ್ನದೆಂಬ ರಾಜ್ಯವಿಲ್ಲದ ಭಾಷೆ. ಯಂತ್ರ ಅದನ್ನು ಕಳುಹಿಸಿಕೊಡಲು ಬೇರೊಂದು ತಾಣವಿಲ್ಲ. ಉಲ್ಹಾಸನಗರವೇ ಅದರ ಸ್ಥಳವಾಗಬೇಕು, ಇಲ್ಲವೇ ಅದು ಎಲ್ಲಿಯೂ ಇಲ್ಲ. ಕನ್ನಡಕ್ಕೆ ರಾಜ್ಯವಿದೆ, ಆ ರಾಜ್ಯವೇ ಇಲ್ಲಿ ತೊಡಕಾಗುತ್ತದೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ಬೆಂಗಳೂರಿನ ಕಡೆಗೆ ತಿರುಗಿಸುವುದು ಸುಲಭ, ಅಲ್ಲಿ ಉತ್ತರಗಳೂ ಹೇರಳ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸುಮಾರು ಹತ್ತು ಲಕ್ಷ ಜನ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡಿದ್ದಾರೆ. ತುಳು, ಕೊಂಕಣಿಗಳನ್ನು ಮಾತೃಭಾಷೆಯೆಂದು ಬರೆಸಿ ಕನ್ನಡದಲ್ಲಿ ಓದುವವರು ಆ ಲೆಕ್ಕದ ಹೊರಗಿದ್ದಾರೆ. 2024ರಲ್ಲಿ ಗೂಗಲಿನ ಅನುವಾದ ಸೇವೆಗೆ ತುಳು ಸೇರಿದ್ದು ಸಂತೋಷದ ವಿಷಯ. ಮುಂಬಯಿಯ ತುಳುವನು ಕನ್ನಡದ ಓದುಗನೂ ಹೌದೆಂಬ ಚಾರಿತ್ರಿಕ ಸಂಗತಿಯನ್ನು ಮಾತ್ರ ಯಾವ ಪಟ್ಟಿಯೂ ಹಿಡಿದಿಡುವುದಿಲ್ಲ.

ಕೊನೆಯದಾಗಿ, ಈ ಸಂಚಿಕೆಯ ಓದುಗರಾದ ಹೊರನಾಡ ಸಂಶೋಧಕರಿಗೆ ನೇರವಾಗಿ ಸಂಬಂಧಿಸಿದ ಮಾತು. ದೆಹಲಿ, ವಾರಾಣಸಿ, ಹೈದರಾಬಾದುಗಳಲ್ಲಿ ಕುಳಿತು ಅಂತರ್ಜಾಲದಲ್ಲಿ ಕನ್ನಡದ ಆಕರಗಳನ್ನು ಹುಡುಕುವ ನಾವೂ ಒಂದೊಂದು ಸ್ಥಳದಲ್ಲಿದ್ದೇವೆ. ನಮಗೆ ದೊರೆಯುವ ಫಲಿತಾಂಶಗಳ ಪಟ್ಟಿ ನಮ್ಮ ಸ್ಥಳದ, ದೂರವಾಣಿಯ ಭಾಷೆಯ, ಹಿಂದಿನ ಶೋಧಗಳ ಗುರುತನ್ನು ಹೊತ್ತು ಬಂದಿರುತ್ತದೆ. ‘ಅಂತರ್ಜಾಲದಲ್ಲಿ ದೊರೆಯಲಿಲ್ಲ’ ಎಂಬ ವಾಕ್ಯ ಇತ್ತೀಚಿನ ಪ್ರಬಂಧಗಳಲ್ಲಿ ಸಾಮಾನ್ಯವಾಗುತ್ತಿದೆ. ಎಲ್ಲಿಂದ, ಯಾವ ದಿನ, ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ ಹುಡುಕಿದಾಗ ದೊರೆಯಲಿಲ್ಲ ಎಂಬುದನ್ನು ಬರೆಯದಿದ್ದರೆ ಆ ವಾಕ್ಯಕ್ಕೆ ಬೆಲೆಯಿಲ್ಲ. ತಾಳೆಗರಿಯ ಪ್ರತಿ ಎಲ್ಲಿ ದೊರೆಯಿತೆಂದು ದಾಖಲಿಸುವ ಶಿಸ್ತನ್ನು ನಮ್ಮ ಗ್ರಂಥಸಂಪಾದಕರು ನೂರು ವರ್ಷಗಳ ಹಿಂದೆಯೇ ರೂಢಿಸಿಕೊಂಡಿದ್ದರು.

ಮುಂಬಯಿಯ ಸಂಘಗಳ ಕಪಾಟುಗಳಲ್ಲಿರುವ ಹಳೆಯ ಮಾಸಿಕಗಳು ಗಣಕಕ್ಕೆ ಏರುವ ದಿನ ದೂರವಿಲ್ಲ. ಗ್ರಂಥಸೂಚಿಯ ರೂಢಿಯಲ್ಲಿ ಪ್ರಕಟಣೆಯ ಸ್ಥಳಕ್ಕೆ ಒಂದು ಕಂಡಿಕೆ ಇದೆ, ಅಲ್ಲಿ ‘ಮುಂಬಯಿ’ ಎಂದು ಬರೆಯಲಾಗುತ್ತದೆ. ಕುರ್ಲಾದಲ್ಲೋ ಅಂಧೇರಿಯಲ್ಲೋ ಅಚ್ಚಾಗಿ, ಉಲ್ಹಾಸನಗರದಲ್ಲಿ ಓದಿಸಿಕೊಂಡು, ಪಡುಬಿದ್ರಿಯ ಮನೆಯೊಂದರ ಸಾವನ್ನು ವರದಿ ಮಾಡಿದ ಪುಟ ಈ ಮೂರು ಹೆಸರುಗಳಲ್ಲಿ ಯಾವುದನ್ನು ಹುಡುಕಿದರೂ ಸಿಗುವಂತಾಗಬೇಕಾದರೆ ನಿಧನವಾರ್ತೆಯ ಅಂಕಣದಲ್ಲಿರುವ ಊರು, ಸ್ಥಳಗಳೆರಡನ್ನೂ ಅವುಗಳ ಎಲ್ಲ ಕಾಗುಣಿತಗಳೊಂದಿಗೆ ಸೂಚಿಯಲ್ಲಿ ಬರೆಯಬೇಕಾಗುತ್ತದೆ. ಆ ಕೆಲಸವನ್ನು ಈಗಿನಿಂದಲೇ, ಹಳೆಯ ಸಂಘಟಕರು ಬದುಕಿರುವಾಗಲೇ ಆರಂಭಿಸಬೇಕು. ಯಾವ ಮನೆ ಯಾವ ಗ್ರಾಮದ್ದು, ಯಾವ ಸೊಸೈಟಿ ಯಾವ ನಿಲ್ದಾಣದ ಪೂರ್ವಕ್ಕೆ ಎಂಬುದು ಬಾಯಿಂದ ಬಾಯಿಗೆ ಗೊತ್ತಿರುವುದು ಅವರಿಗೇ.